ತಾತನನ್ನು ಮಲಗಿಸಿದವರು

ತಾತ ಹೋಗಿ ಎರಡು ಬೇಸಿಗೆ ಕಳೆದವು. ದುಃಖ ಎಷ್ಟೋ ಕಡಿಮೆಯಾಗಿದೆ, ಸಿಟ್ಟು ಮಾತ್ರ ಚೂರೂ ಇಳಿದಿಲ್ಲ. ಬಳ್ಳಾರಿಯ ದೊಡ್ಡಪ್ಪನ ಮನೆಯ ಹಾಲಿನಲ್ಲಿ, ಟಿವಿಗೂ ಸೋಫಾಕ್ಕೂ ನಡುವೆ, ಬಾಡಿಗೆಗೆ ತಂದ ಐಸ್ ಬಾಕ್ಸಿನ ಗಾಜಿನ ಕೆಳಗೆ ತಾತ ಅಂಗಾತ ಮಲಗಿದ್ದದ್ದು ನೆನಪಾದರೆ ಈಗಲೂ ಹಲ್ಲು ಕಡಿಯುತ್ತೇನೆ. ಅದರಲ್ಲಿ ಸಿಟ್ಟಾಗುವಂಥದ್ದೇನಿದೆ, ಈಗ ಎಲ್ಲರ ಮನೆಯಲ್ಲೂ ಐಸ್ ಬಾಕ್ಸ್ ತರಿಸುತ್ತಾರಲ್ಲ ಅಂತ ಯಾರಾದರೂ ಕೇಳಬಹುದು. ತರಿಸಲಿ, ನನ್ನದೇನೂ ತಕರಾರಿಲ್ಲ. ನಮ್ಮ ತಾತನಿಗೆ ತರಿಸಬಾರದಿತ್ತು.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತೇವೆ. ಜೀವ ಹೋದ ಸ್ವಲ್ಪ ಹೊತ್ತಿಗೇ, ಮೈ ಬಿಗಿಯುವ ಮೊದಲು, ಕಾಲು ಮಡಚಿ ಗೋಡೆಗೆ ಒರಗಿಸಿ ಕೂರಿಸಿ, ಹಣೆಗೆ ವಿಭೂತಿ ಹಚ್ಚಿ, ಎದುರಿಗೆ ಭಜನೆಗೆ ಕೂರುತ್ತಾರೆ. ಆಮೇಲೆ ಬಿದಿರು, ಬಟ್ಟೆ, ಹೂವಿನಿಂದ ಕಟ್ಟಿದ ವಿಮಾನದಲ್ಲಿ ಸತ್ತವರು ಕೂತೇ ಬೀದಿ ದಾಟುತ್ತಾರೆ. ಕುಣಿಯನ್ನೂ ಉದ್ದಕ್ಕೆ ತೋಡುವುದಿಲ್ಲ, ಚೌಕವಾಗಿ ತೋಡುತ್ತಾರೆ. ಮಣ್ಣಿನೊಳಗೂ ಕೂತೇ ಇರಬೇಕು. ಈ ಕೂರಿಸುವ, ವಿಮಾನ ಕಟ್ಟುವ ಕೆಲಸವನ್ನು ನಮ್ಮ ತಾತ ಸಿರುಗುಪ್ಪದಲ್ಲಿ ಜೀವಮಾನವಿಡೀ ಮಾಡಿದ.

ಕಸುಬಿನಿಂದ ಅವನು ಬಡಗಿ. ಹುಟ್ಟಿದ್ದು ಕುರುಗೋಡಿನಲ್ಲಿ. ಸಿರುಗುಪ್ಪದಲ್ಲಿ ರೈಸ್ ಮಿಲ್ಲುಗಳು ಒಂದರ ಹಿಂದೊಂದು ಏಳುತ್ತಿದ್ದ ಕಾಲಕ್ಕೆ ಕೆಲಸ ಹುಡುಕಿಕೊಂಡು ಹೋದವನು ಅಲ್ಲೇ ನೆಲೆನಿಂತ. ಮಿಲ್ಲಿನ ಜರಡಿಗೆ ಚೌಕಟ್ಟು, ಮನೆಗಳಿಗೆ ಬಾಗಿಲು ಕಿಟಕಿ, ಮಂಚ, ತೊಟ್ಟಿಲು, ಏನು ಹೇಳಿದರೂ ಮಾಡಿಕೊಡುತ್ತಿದ್ದ. ಸಾಧು ಮನುಷ್ಯ ಅಂತ ಮಾತ್ರ ತಿಳಿಯಬೇಡಿ. ಮಹಾ ಮುಂಗೋಪಿ, ಜಂಬದ ಮನುಷ್ಯ. ದಿನಾ ಮೀಸೆಗೆ ಎಣ್ಣೆ ಹಚ್ಚುತ್ತಿದ್ದ. ತಾನು ಮಾಡಿದ ಬಾಗಿಲಿರುವ ಮನೆಯ ಮುಂದೆ ಹಾದರೆ ಸುಮ್ಮನೆ ಹೋಗುತ್ತಿರಲಿಲ್ಲ, ಒಳಗಿದ್ದವರು ಯಾರೇ ಇರಲಿ, ಬಾಗಿಲನ್ನು ಎರಡು ಸಲ ಎಳೆದು ಹಾಕಿ ನೋಡಿ, ಎಷ್ಟು ವರ್ಷವಾದರೂ ಬಾಗಿಲು ಜೋತು ಬಿದ್ದಿಲ್ಲ ಅಂತ ಅವರಿಗೇ ಹೇಳಿ ಬರುತ್ತಿದ್ದ. ಪ್ಲೈವುಡ್ ಹಿಡಿದು ಬಂದವರನ್ನು ಅಂಗಡಿಯ ಮೆಟ್ಟಿಲು ಹತ್ತಿಸುತ್ತಿರಲಿಲ್ಲ. ಪ್ರೀತಿಯ ಮಾತೆಲ್ಲ ಕನ್ನಡದಲ್ಲಿ, ಬೈಗುಳವೆಲ್ಲ ತೆಲುಗಿನಲ್ಲಿ. ಮುಂಜಾನೆ ಒಗ್ಗರಣೆ ಮಿರ್ಚಿ ತಿಂದ ಮೇಲೆಯೇ ಮರ ಹೆರೆಯುವ ರಂದಾ ಕೈಗೆತ್ತಿಕೊಳ್ಳುತ್ತಿದ್ದ. ನೆಲದ ಮೇಲೆ ಕೂತು, ಎಡಗಾಲು ಮಡಚಿ, ಬಲ ಮಂಡಿ ಎತ್ತಿಕೊಂಡು, ಆ ಮಂಡಿಗೆ ಗದ್ದ ಊರಿ ಹಲಗೆಯನ್ನು ಒಂದು ಕಣ್ಣಿನಿಂದ ನೋಡುತ್ತಿದ್ದ. ಆ ಅಂಗಡಿಯ ಹಿಂದಿನ ಎರಡು ಕೋಣೆಯೇ ನಮ್ಮ ಮನೆ. ನಾನು ಬೆಳೆದದ್ದು ಅಲ್ಲಿ. ಈಗಲೂ ಅಲ್ಲೇ ಇದ್ದೇನೆ, ಊರಿನ ಶಾಲೆಯೊಂದರಲ್ಲಿ ಪಾಠ ಹೇಳುತ್ತೇನೆ.

ಯಾರದಾದರೂ ಮನೆಯಲ್ಲಿ ಸಾವಾದರೆ ಮೊದಲು ಓಡಿ ಬರುತ್ತಿದ್ದದ್ದು ತಾತನ ಹತ್ತಿರ. ಹಿಡಿದ ಕೆಲಸ ಅಲ್ಲೇ ಬಿಟ್ಟು, ಕೈಕಾಲು ತೊಳೆದು, ಒಂದು ಸಾಗುವಾನಿ ಹಲಗೆ ಹೆಗಲ ಮೇಲೆ ಹಾಕಿಕೊಂಡು ಹೊರಡುತ್ತಿದ್ದ. ಸತ್ತವರ ಬೆನ್ನಿಗೆ ಆಸರೆಯಾಗಲಿ ಅಂತ ತಾನೇ ಮಾಡಿಕೊಂಡ ಹಲಗೆ ಅದು, ತಲೆ ಒರಗುವ ಕಡೆ ಸ್ವಲ್ಪ ತಗ್ಗಾಗಿ ಕೆತ್ತಿದ್ದ. ಮನೆಯವರನ್ನು ಅವನು ಮೊದಲು ಕೇಳುತ್ತಿದ್ದದ್ದು ಒಂದೇ ಮಾತು, ಬದುಕಿದ್ದಾಗ ಇವರು ಹೇಗೆ ಕೂರುತ್ತಿದ್ದರು ಅಂತ. ಯಾರೂ ಅದನ್ನು ಯೋಚಿಸಿರುತ್ತಿರಲಿಲ್ಲ. ಗೋಡೆಗೆ ಒರಗುತ್ತಿದ್ದರೋ, ಮುಂದಕ್ಕೆ ಬಾಗುತ್ತಿದ್ದರೋ, ಕೈ ತೊಡೆಯ ಮೇಲೋ ನೆಲದ ಮೇಲೋ? ಬಾಯಿ ಬಿಡಿಸಿ ಬಿಡಿಸಿ ಕೇಳುತ್ತಿದ್ದ. ಆಮೇಲೆ ಸತ್ತವರ ಜೊತೆಗೇ ಮಾತು. ಮಂಡಿ ಸ್ವಲ್ಪ ಸಡಿಲ ಬಿಡಪ್ಪಾ, ಕತ್ತು ಈ ಕಡೆ ಕೊಡವ್ವಾ ಅಂತ ಮಾತಾಡಿಸುತ್ತಾ ಕೂರಿಸುತ್ತಿದ್ದ. ಒಮ್ಮೆ ಮಿಲ್ಲಿನ ಹಮಾಲಿಯೊಬ್ಬನನ್ನು ಎರಡೂ ಕೈ ಮಂಡಿಯ ಮೇಲೆ ಚಾಚಿಸಿ, ತಲೆ ಎಡಕ್ಕೆ ವಾಲಿಸಿ ಕೂರಿಸಿದನಂತೆ. ಅಲ್ಲಿಯವರೆಗೆ ಅಳದೆ ನಿಂತಿದ್ದ ಅವನ ಹೆಂಡತಿ, ಲಾರಿ ಕಾಯುವಾಗ ಹಿಂಗೇ ಕೂರುತ್ತಿದ್ದನಲ್ಲ ಅಂತ ನೆಲಕ್ಕೆ ಬಿದ್ದು ಅತ್ತಳಂತೆ. ಅದನ್ನು ಹೇಳುವಾಗ ತಾತನ ಮೀಸೆಯ ಕೆಳಗೆ ಜಂಬ ಕಾಣುತ್ತಿತ್ತು. ಇರಲಿ ಬಿಡಿ, ಆ ಜಂಬ ಅವನಿಗೆ ಸಲ್ಲಬೇಕಾದದ್ದೇ.

ಕೆಲವು ಮನೆಗಳಲ್ಲಿ ತಡವಾಗಿ ಹೇಳಿ ಕಳಿಸುತ್ತಿದ್ದರು. ಅಷ್ಟೊತ್ತಿಗೆ ಮೈ ಬಿಗಿದಿರುತ್ತಿತ್ತು. ಅಂಥ ಕಡೆ ಆತುರದವರು ಏನು ಮಾಡುತ್ತಾರೆ ಅಂತ ಹೇಳಲಿಕ್ಕೂ ಹೇಸಿಗೆ, ಒನಕೆಯಿಂದ ಮಂಡಿಗೆ ಹೊಡೆದು ಮುರಿದು ಮಡಚುವವರೂ ಇದ್ದಾರೆ. ತಾತನೆದುರು ಯಾರಾದರೂ ಆ ಮಾತೆತ್ತಿದರೆ ಮುಗಿಯಿತು, ತೆಲುಗು ಶುರುವಾಗುತ್ತಿತ್ತು. ಅವನು ಬಿಸಿನೀರು ತರಿಸುತ್ತಿದ್ದ. ಬಟ್ಟೆ ಅದ್ದಿ ಮಂಡಿಗೆ, ಸೊಂಟಕ್ಕೆ, ಹೆಗಲಿಗೆ ಸುತ್ತಿ, ಮಂಡಿಯ ಹಿಂದಿನ ಗುಳಿಯಲ್ಲಿ ಹೆಬ್ಬೆರಳಿಟ್ಟು ಮೆಲ್ಲಗೆ ತಿಕ್ಕುತ್ತಾ ಕೂರುತ್ತಿದ್ದ. ಎಷ್ಟು ಹೊತ್ತಾದರೂ ಸರಿ, ಅವರಾಗಿಯೇ ಮಡಚುವವರೆಗೆ ಮಡಚುತ್ತಿರಲಿಲ್ಲ. ಈ ಕೆಲಸಕ್ಕೆ ಯಾರ ಮುಂದೆಯೂ ಕೈ ಚಾಚಿದವನಲ್ಲ.

ಇಷ್ಟು ಮಾಡಿದವನಿಗೆ ಊರು ಏನು ಕೊಟ್ಟಿತು? ಸಾವಿಗೆ ಓಡೋಡಿ ಕರೆಯಲು ಬರುತ್ತಿದ್ದವರು ಮದುವೆಗೆ ಕಾರ್ಡು ಕೊಟ್ಟು, ಊಟದ ಹೊತ್ತಿಗೆ ಬರ್ರಿ ಅನ್ನುತ್ತಿದ್ದರು. ಊಟದ ಹೊತ್ತಿಗೆ ಅಂದರೆ ಅಕ್ಷತೆಯ ಹೊತ್ತಿಗೆ ಬೇಡ ಅಂತ. ಹೆಣ ಮುಟ್ಟಿದ ಕೈಯ ಅಕ್ಷತೆ ಮದುಮಕ್ಕಳ ತಲೆಯ ಮೇಲೆ ಬೀಳಬಾರದಲ್ಲ. ತಾತನಿಗೆ ಅದು ತಿಳಿಯುತ್ತಿತ್ತು. ತಿಳಿಯದವನ ಹಾಗೆ ಊಟಕ್ಕೆ ಹೋಗಿ, ಹೋಳಿಗೆ ಹಾಕಿಸಿಕೊಂಡು ತಿಂದು ಬರುತ್ತಿದ್ದ. ನಾನಾಗಿದ್ದರೆ ಎಲೆ ಎತ್ತಿ ಎಸೆಯುತ್ತಿದ್ದೆ.

ಒಮ್ಮೆ ನಮ್ಮ ಬೀದಿಯವರೇ ಮೊಮ್ಮಗುವಿಗೆ ಅಂತ ತೊಟ್ಟಿಲು ಹೇಳಿದರು. ತಾತ ಮನಸಿಟ್ಟು ಮಾಡಿದ. ನಾಲ್ಕು ಮೂಲೆಗೂ ಗಿಳಿ ಕೂರಿಸಿ, ಮಗುವಿನ ಕೈ ತರಚಬಾರದೆಂದು ಅಂಚುಗಳನ್ನೆಲ್ಲ ಕೆನ್ನೆಗೆ ತಾಗಿಸಿ ತಾಗಿಸಿ ನೋಡಿ ನಯ ಮಾಡಿದ. ಅವರು ತಗೊಂಡು ಹೋದ ಮಾರನೇ ದಿನವೇ ತೊಟ್ಟಿಲು ಒಂದು ಆಟೋದಲ್ಲಿ ವಾಪಸ್ ಬಂತು. ಯಾರೋ ಹಿರಿಯರು ಬೇಡ ಅಂದರಂತೆ, ವಿಮಾನ ಕಟ್ಟುವವನ ಕೈಯ ತೊಟ್ಟಿಲಲ್ಲಿ ಕೂಸು ಹಾಕುತ್ತಾರೇನು ಅಂತ. ಎದುರಿಗೆ ಬಂದು ಹೇಳುವ ಧೈರ್ಯವೂ ಇಲ್ಲ, ಆಟೋದವನ ಬಾಯಲ್ಲಿ ಹೇಳಿ ಕಳಿಸಿದ್ದರು. ತಾತ ಅಂಗಡಿ ಕಟ್ಟೆಯ ಮೇಲೆ ನಿಂತು ಬೀದಿಗೆಲ್ಲ ಕೇಳುವ ಹಾಗೆ ಬೈದ. ಆಮೇಲೆ ತೊಟ್ಟಿಲನ್ನು ಒಳಗೆ ಹಾಕಿ ಅದರಲ್ಲಿ ಉಳಿ, ಬಾಚಿ ಇಟ್ಟುಕೊಂಡ.

ಕೆಲವು ತಿಂಗಳಿಗೆ ಅದೇ ಮನೆಯ ಮುದುಕಿ ಹೋದಳು. ಅದೇ ಆಟೋ ಬಂತು. ತಾತ ಹಲಗೆ ಎತ್ತಿಕೊಂಡು ಹೊರಟ. ನಾನು ಬಾಗಿಲಿಗೆ ಅಡ್ಡ ನಿಂತು, ನಾಚಿಕೆ ಇಲ್ಲವಾ ನಿನಗೆ ಅಂತ ಕೇಳಿದೆ.

"ತೊಟ್ಟಿಲಾ ವಾಪಸ್ ಕಳಿಸಿದಾಕಿ ಆಕಿ ಅಲ್ಲವ್ವಾ," ಅಂದ ತಾತ. "ಆಕಿಗ್ಯಾಕ ಶಿಕ್ಷಾ? ಸರಿ ಆಕಡಿ."

ನನ್ನ ಅಪ್ಪ ತಾತನ ಕಿರಿಯ ಮಗ. ತಾತನ ಜೊತೆಗೇ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದವನು ಒಂದು ಮಧ್ಯಾಹ್ನ ಎದೆ ಹಿಡಿದುಕೊಂಡು ಅಲ್ಲೇ ಮರದ ಹೊಟ್ಟಿನ ಮೇಲೆ ಕುಸಿದ. ನಾನು ಆಗಲೇ ಶಾಲೆಯಲ್ಲಿ ಕೆಲಸಕ್ಕೆ ಸೇರಿದ್ದೆ, ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಜನ ಸೇರಿದ್ದರು. ಎಲ್ಲರ ಸಾವಿಗೂ ತಾತನನ್ನು ಕರೆಯುವವರು ತಾತನ ಮನೆಯ ಸಾವಿಗೆ ಯಾರನ್ನು ಕರೆಯಬೇಕೆಂದು ತಿಳಿಯದೆ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ತಾತ ಎದ್ದು ಕೈಕಾಲು ತೊಳೆದುಕೊಂಡು ಬಂದ. ನನ್ನ ಕಡೆ ತಿರುಗಿ, ನಿಮ್ಮಪ್ಪ ಹೆಂಗ ಕುಂದ್ರುತಿದ್ದವ್ವಾ ಅಂತ ಕೇಳಿದ. ಅವನಿಗೆ ಗೊತ್ತಿರಲಿಲ್ಲವೇ? ಹುಟ್ಟಿದಾಗಿನಿಂದ ನೋಡಿದ ಮಗ. ಆದರೂ ಮನೆಯವರನ್ನು ಕೇಳುವುದು ಪದ್ಧತಿ, ಕೇಳಿದ. ನಾನು ಹೇಳಿದೆ. ಮೈ ಇನ್ನೂ ಬಿಗಿದಿರಲಿಲ್ಲ, ಆದರೂ ಕಲಿಯಲಿ ಅಂತ ನನ್ನ ಕೈಗೆ ಬಿಸಿನೀರಿನ ಬಟ್ಟೆ ಕೊಟ್ಟು, ಅಪ್ಪನ ಮಂಡಿಯ ಹಿಂದೆ ಹೆಬ್ಬೆರಳು ಎಲ್ಲಿಡಬೇಕೆಂದು ತೋರಿಸಿದ. ಇಬ್ಬರೂ ಸೇರಿ ಅಪ್ಪನನ್ನು ಕೂರಿಸಿದೆವು. ಆ ಹೊತ್ತಿನಲ್ಲಿ ತಾತ ಅಳಲಿಲ್ಲ. ಕುರುಗೋಡಿನ ರುದ್ರಭೂಮಿಯಲ್ಲಿ ನಮ್ಮ ಹಿರಿಯರ ಪಕ್ಕ ಮಣ್ಣು ಮುಗಿಸಿ ಬಂದು ಅಪ್ಪನ ರಂದಾ ಕೈಯಲ್ಲಿ ಹಿಡಿದುಕೊಂಡು ಅತ್ತ.

ದೊಡ್ಡಪ್ಪ ತಾತನ ಹಿರಿಯ ಮಗ. ಬಳ್ಳಾರಿಯಲ್ಲಿ ಕಟ್ಟಡ ಗುತ್ತಿಗೆ ಹಿಡಿದು ದೊಡ್ಡವನಾದ, ಮನೆ ಕಟ್ಟಿಸಿದ, ನಾಲ್ಕು ಜನ ದೊಡ್ಡವರ ಹಿಂದೆ ಓಡಾಡುವುದನ್ನು ಕಲಿತ. ಮಗಳ ಸಂಬಂಧ ಮಾತಾಡುವಾಗ ನಮ್ಮಪ್ಪಂದು ಫರ್ನಿಚರ್ ವ್ಯಾಪಾರ ಅಂತ ಹೇಳಿದ. ತಾತ ಬಳ್ಳಾರಿಗೆ ಹೋದಾಗಲೆಲ್ಲ, ಆ ವಿಮಾನದ ವಿಷಯ ಮಾತ್ರ ಇಲ್ಲಿ ಎತ್ತಬೇಡ ಅಂತ ಮೊದಲೇ ಹೇಳಿ ಒಳಗೆ ಕರೆಯುತ್ತಿದ್ದ. ಎತ್ತಬೇಡ ಅಂದರೆ ತಾತ ಬಿಡುತ್ತಾನೆಯೇ? ಬೀಗರ ಮುಂದೆಯೇ ಕೂತು, ನಿಮ್ಮೂರಲ್ಲಿ ಯಾರು ಕೂರಿಸುತ್ತಾರೆ ಅಂತ ಕೇಳಿ ಬಂದಿದ್ದ.

ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ ತಾತನಿಗೆ ಉಸಿರಿನ ತೊಂದರೆ ಹೆಚ್ಚಾಯಿತು. ದೊಡ್ಡಪ್ಪ ಕಾರು ತಂದು ಬಳ್ಳಾರಿಯ ಆಸ್ಪತ್ರೆಗೆ ಸೇರಿಸಿದ. ಅದರಲ್ಲಿ ಅವನು ಕಡಿಮೆ ಮಾಡಲಿಲ್ಲ, ಸುಳ್ಳು ಹೇಳಬಾರದು. ಆದರೆ ವಯಸ್ಸಾಗಿತ್ತು, ಮನೆಗೆ ಕರೆದುಕೊಂಡು ಹೋಗಿ ಅಂದರು ಡಾಕ್ಟರು. ದೊಡ್ಡಪ್ಪನ ಮನೆಗೆ ತಂದೆವು. ನಾನು ರಜೆ ಹಾಕಿ ಪಕ್ಕದಲ್ಲೇ ಇದ್ದೆ. ಮಲಗಿದರೆ ಉಸಿರು ಕಟ್ಟುತ್ತಿತ್ತು, ಗೋಡೆಗೆ ದಿಂಬು ಕೊಟ್ಟು ಒರಗಿಸಿದರೆ ಸಮಾಧಾನ. ಹಾಗೆ ಒರಗಿಕೊಂಡೇ ಒಂದು ಸಂಜೆ ನನ್ನ ಕೈ ಹಿಡಿದುಕೊಂಡ.

"ನನ್ನ ಕುಂದ್ರಿಸೋದು ನಿನ್ ಕೆಲಸ, ಮರೀಬ್ಯಾಡ," ಅಂದ. "ನಮ್ಮೂರ ದೊಡ್ಡ ಬಸವಣ್ಣನೇ ಕುಂತಾನ. ನಾ ಯಾಕ ಮಲಗ್ಲಿ?"

ಕುರುಗೋಡಿನ ಗುಡಿಯಲ್ಲಿ ಬಸವಣ್ಣ ಮಾಡು ಮುಟ್ಟುವಷ್ಟು ಎತ್ತರಕ್ಕೆ ಕೂತಿದ್ದಾನೆ. ಅವನಿಗೂ ತನಗೂ ಸರಿಸಮ ಮಾಡಿಕೊಂಡ ಮುದುಕನನ್ನು ನೋಡಿ ನಗು ಬಂತು. ಹೂಂ ಅಂದೆ. ಎರಡು ದಿನಕ್ಕೆ, ಮುಂಜಾನೆ ಚಹಾ ಕುಡಿದು ಲೋಟ ನನ್ನ ಕೈಗೆ ಕೊಟ್ಟು, ಗೋಡೆಗೆ ಒರಗಿದವನು ಹಾಗೇ ಹೋದ.

ನಾನು ಅಳುತ್ತಲೇ ಅವನ ಕಾಲು ಮಡಚಲು ಶುರು ಮಾಡಿದೆ. ಒಂದು ಕಾಲು ಮಡಚಿಯೂ ಇದ್ದೆ. ಅಷ್ಟರಲ್ಲಿ ಫೋನಿನಲ್ಲಿ ಮಾತಾಡುತ್ತಿದ್ದ ದೊಡ್ಡಪ್ಪ ಒಳಗೆ ಬಂದು, ನಿಲ್ಲು ಅಂದ. ಊರಿನ ಒಬ್ಬ ದೊಡ್ಡ ಮನುಷ್ಯರು ಸಂಜೆಗೆ ಅಂತಿಮ ದರ್ಶನಕ್ಕೆ ಬರುತ್ತಾರಂತೆ. ಅಲ್ಲಿಯವರೆಗೆ ಈ ಬಿಸಿಲಲ್ಲಿ ಇಡಲಾಗುವುದಿಲ್ಲ, ಐಸ್ ಬಾಕ್ಸಿಗೆ ಹೇಳಿದ್ದೇನೆ ಅಂದ. ಬಾಕ್ಸಿನಲ್ಲಿ ಕೂರಿಸಲು ಬರುವುದಿಲ್ಲವಲ್ಲ ಅಂದೆ. ಮಲಗಿಸಿದರಾಯಿತು, ಈಗ ಎಲ್ಲರೂ ಹಂಗೇ ಮಾಡುವುದು, ಗೋಡೆಗೆ ಕಟ್ಟಿ ಕೂರಿಸಿದರೆ ಬಂದವರ ಮುಂದೆ ಹಳ್ಳಿಯವರ ಹಾಗೆ ಕಾಣುತ್ತದೆ ಅಂದ. ತಾತ ಹೇಳಿದ್ದನ್ನು ಹೇಳಿದೆ. ಸಂಜೆಯೊಳಗೆ ಕುರುಗೋಡಿಗೆ ಒಯ್ದರೆ ಬಾಕ್ಸೇ ಬೇಡ ಅಂದೆ. ಮೈ ಬಿಗಿದರೆ ಆಮೇಲೆ ಏನು ಮಾಡುತ್ತೀ ಅಂತ ಕೂಗಿದೆ. ನಾನು ಕೂಗಿದ್ದೇ ತಪ್ಪಾಯಿತು. ಹೆಣ್ಣುಮಗಳು, ದುಃಖದಲ್ಲಿ ತಲೆ ಕೆಟ್ಟಿದೆ ಅಂತ ದೊಡ್ಡವ್ವ ಇನ್ನಿಬ್ಬರ ಜೊತೆ ನನ್ನ ತೋಳು ಹಿಡಿದು ಒಳಕೋಣೆಗೆ ಕರೆದೊಯ್ದು, ಹೊರಗಿನಿಂದ ಚಿಲಕ ಹಾಕಿದಳು.

ಹೌದು, ಚಿಲಕ ಹಾಕಿದಳು. ನಲವತ್ತು ದಾಟಿದ ನನ್ನನ್ನು, ಊರಿನ ಮಕ್ಕಳಿಗೆ ಪಾಠ ಹೇಳುವವಳನ್ನು, ನನ್ನ ತಾತ ಸತ್ತ ಮನೆಯಲ್ಲಿ ಕೂಡಿಹಾಕಿದರು. ಚಿಲಕ ತೆಗೆಯುವ ಹೊತ್ತಿಗೆ ಹಾಲಿನಲ್ಲಿ ಬಾಕ್ಸು ಗುಂಯ್‌ಗುಟ್ಟುತ್ತಿತ್ತು. ನಾನು ಮಡಚಿದ್ದ ಕಾಲನ್ನೂ ಬಿಡಿಸಿ ನೆಟ್ಟಗೆ ಮಾಡಿದ್ದರು.

ಹೊರಗೆ ಗೇಟಿಗೆ ಫ್ಲೆಕ್ಸ್ ಕಟ್ಟಿದ್ದರು. ಅದರಲ್ಲಿ ನಮ್ಮ ತಾತ ಕೋಟು ಹಾಕಿಕೊಂಡಿದ್ದ! ಹುಟ್ಟಿದಾಗಿನಿಂದ ಕೋಟು ಮುಟ್ಟದ ಮನುಷ್ಯನ ತಲೆಯನ್ನು ಯಾರದೋ ಕೋಟಿನ ಮೇಲೆ ಕೂರಿಸಿ, ಕೆಳಗೆ ಹಿರಿಯ ಉದ್ಯಮಿಗಳು ಅಂತ ಬರೆಸಿದ್ದರು. ಮೀಸೆಯನ್ನೂ ಕಪ್ಪು ಮಾಡಿದ್ದರು. ಸಂಜೆ ಬರಬೇಕಾದ ದೊಡ್ಡ ಮನುಷ್ಯರು ಮುಂಜಾನೆ ಬರುತ್ತೇನೆಂದರು. ಮುಂಜಾನೆ ತಾವು ಬರದೆ ಒಂದು ಹಾರ ಕಳಿಸಿದರು. ಹಾರ ತಂದ ಇಬ್ಬರು ಅದನ್ನು ಗಾಜಿನ ಮೇಲೆ ಇಟ್ಟು, ಪಕ್ಕದಲ್ಲಿ ದೊಡ್ಡಪ್ಪನನ್ನು ನಿಲ್ಲಿಸಿ ಫೋಟೋ ಹೊಡೆದುಕೊಂಡು ಹೋದರು. ಒಂದು ಹಾರಕ್ಕಾಗಿ ತಾತ ಒಂದು ಹಗಲು, ಒಂದು ರಾತ್ರಿ ಮಂಜಿನಲ್ಲಿ ಮಲಗಿದ್ದ.

ತಾತನ ಜೊತೆ ಬಹಳ ವರ್ಷ ಕೆಲಸ ಮಾಡಿದ, ಸಿರುಗುಪ್ಪದ ಹತ್ತಿರದ ಕರೂರಿನ ಮೇಸ್ತ್ರಿಯೊಬ್ಬನಿದ್ದ. ಅವನಿಗೆ ಫೋನು ಮಾಡಿ, ಅಂಗಡಿಯಲ್ಲಿರುವ ಸಾಗುವಾನಿ ಹಲಗೆ ತಗೊಂಡು ನೇರ ಕುರುಗೋಡಿಗೆ ಬಾ ಅಂದೆ. ಯಾಕೆ ಅಂತ ಅವನು ಕೇಳಲಿಲ್ಲ. ನಾವು ಗಾಡಿಯಲ್ಲಿ ಕುರುಗೋಡಿನ ರುದ್ರಭೂಮಿ ತಲುಪುವ ಹೊತ್ತಿಗೆ ಬಸ್ಸಿನಲ್ಲಿ ಬಂದು ಹಲಗೆಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದ. ಅಪ್ಪನ ಸಮಾಧಿಯ ಪಕ್ಕದಲ್ಲಿ ಕುಣಿ ತೋಡಿದ್ದರು. ಊರಿನವರು ಪದ್ಧತಿ ಬಲ್ಲವರು, ಚೌಕವಾಗಿ, ಚೊಕ್ಕವಾಗಿ ತೋಡಿದ್ದರು.

ಬಾಕ್ಸು ತೆಗೆದರು. ತಾತ ಹಲಗೆಯ ಹಾಗೆ ನೆಟ್ಟಗಾಗಿದ್ದ. ಎತ್ತಿದರೆ ಕತ್ತೂ ಬಾಗಲಿಲ್ಲ, ಕಾಲೂ ಬಾಗಲಿಲ್ಲ. ಕುಣಿಯ ಅಳತೆ ನೋಡಿದರು, ತಾತನ ಉದ್ದ ನೋಡಿದರು. ಆಗ ಎಲ್ಲರಿಗೂ ಅರ್ಥವಾಯಿತು. ನಿನ್ನೆ ನಾನು ಗಂಟಲು ಹರಿದುಕೊಂಡು ಹೇಳಿದ್ದು ಇದನ್ನೇ ಅಲ್ಲವೇ? ದೊಡ್ಡಪ್ಪ ಫೋನು ತೆಗೆದು, ಕುಣಿ ಉದ್ದ ಮಾಡಲು ಜೆಸಿಬಿ ಕಳಿಸು ಅಂತ ಯಾರಿಗೋ ಹೇಳುತ್ತಿದ್ದ. ಇನ್ನೊಬ್ಬ ನೆಂಟ, ಅಷ್ಟೆಲ್ಲ ಯಾಕೆ, ಹತ್ತಿರದ ಮನೆಯಿಂದ ಒಂದು ಒನಕೆ ತಂದರೆ ಕೆಲಸ ಆಗುತ್ತದೆ ಅಂದ.

ನಾನು ತಾತನ ಕಾಲ ಹತ್ತಿರ ನೆಲದ ಮೇಲೆ ಕೂತೆ. ಯಾರಾದರೂ ಇವನನ್ನು ಮುಟ್ಟಿದರೆ ಅದೇ ಒನಕೆ ಅವರ ಮಂಡಿಗೆ ಬೀಳುತ್ತದೆ ಅಂದೆ. ಮೆಲ್ಲಗೇ ಅಂದೆ, ಆದರೆ ಎಲ್ಲರಿಗೂ ಕೇಳಿಸಿತು. ಮೇಸ್ತ್ರಿಯನ್ನು ಬಿಸಿನೀರಿಗೆ ಕಳಿಸಿದೆ. ಆಮೇಲೆ ಮೇಲೆ ನೋಡಿದೆ. ದೊಡ್ಡಪ್ಪ ಬಂದವರಿಗೆ ಬಿಸಿಲು ತಾಗಬಾರದೆಂದು ದೊಡ್ಡ ಶಾಮಿಯಾನ ಹಾಕಿಸಿದ್ದ. ಅದನ್ನು ತೆಗೆಸಿ ಅಂದೆ. ಹೆಣವನ್ನು ಬಿಸಿಲಿಗೆ ಹಾಕುತ್ತಾಳಂತೆ, ಇವಳಿಗೆ ಹುಚ್ಚು ಅಂತ ಗುಸುಗುಸು ಎದ್ದಿತು. ದೊಡ್ಡಪ್ಪ ನನ್ನ ಹತ್ತಿರ ಬಗ್ಗಿದ.

"ಒಳಗ ಹೋದ ಮ್ಯಾಲೆ ಕುಂತಾನೋ ಮಲಗ್ಯಾನೋ ಯಾರು ನೋಡ್ತಾರಲೇ?" ಅಂದ.

"ನಿಮ್ಮಪ್ಪ ಅದನ್ನ ಒಂದು ಮನಿಯಾಗರ ಕೇಳಿದ್ನೇನು?" ಅಂದೆ.

ಅವನು ಎದ್ದು ಪಕ್ಕಕ್ಕೆ ಸರಿದ. ಶಾಸ್ತ್ರಕ್ಕೆ ಬಂದಿದ್ದ ವಯಸ್ಸಾದ ಅಯ್ಯನವರು ಬೇವಿನ ಮರದ ಕೆಳಗೆ ಕೂತಿದ್ದರು. ತಮಗೇನೂ ಅವಸರವಿಲ್ಲ, ಆ ಹುಡುಗಿ ಹೇಳಿದ ಹಾಗೆ ಮಾಡ್ರಿ ಅಂದರು. ಶಾಮಿಯಾನದ ಹಗ್ಗ ಬಿಚ್ಚಿದರು.

ಈ ಬಿಸಿಲನ್ನು ನಾನು ಬೈಯದ ದಿನವಿಲ್ಲ. ಪರವೂರಿನವರು ಬಳ್ಳಾರಿ ಅಂದ ಕೂಡಲೇ ಮೊದಲು ಬಿಸಿಲಿನ ಮಾತೆತ್ತಿ ನಗುತ್ತಾರೆ, ನಾವೂ ಅವರ ಜೊತೆ ನಗುತ್ತೇವೆ. ಅವತ್ತು ಅದೇ ಬಿಸಿಲು ತಾತನ ಮೈ ಮೇಲೆ ಬಿತ್ತು. ಐಸ್ ಬಾಕ್ಸಿನ ನೀರು ಪಂಚೆಯಿಂದ ಇಳಿದು ಮಣ್ಣಿಗೆ ಹೋಯಿತು. ಮೇಸ್ತ್ರಿ ಬಿಸಿನೀರು ತಂದ. ಬಟ್ಟೆ ಅದ್ದಿ ಅವನು ಹೆಗಲಿಗೆ, ನಾನು ಮಂಡಿಗೆ ಸುತ್ತಿದೆವು. ಮಂಡಿಯ ಹಿಂದಿನ ಗುಳಿಯಲ್ಲಿ ಹೆಬ್ಬೆರಳಿಟ್ಟೆ. ಕಲ್ಲು ಮುಟ್ಟಿದ ಹಾಗಿತ್ತು. ತಾತ ಎಲ್ಲರಿಗೂ ಹೇಳುತ್ತಿದ್ದ ಮಾತನ್ನು ನಾನು ಅವನಿಗೆ ಹೇಳಿದೆ, ಸ್ವಲ್ಪ ಸಡಿಲ ಬಿಡಪ್ಪಾ ಅಂತ. ಹೇಳುವಾಗ ಅಳು ಬಂತು, ಅತ್ತೆ. ಅಳುತ್ತಲೇ ತಿಕ್ಕಿದೆ.

ಜನ ಕಾಯಲಿಲ್ಲ. ಕಾರಿನಲ್ಲಿ ಬಂದಿದ್ದವರು ಕಾರು ಹತ್ತಿದರು. ಒನಕೆ ಅಂದವನು ಎಲ್ಲರಿಗಿಂತ ಮೊದಲು ಹೋದ. ಊಟ ಆರುತ್ತದೆ ಅಂತ ದೊಡ್ಡವ್ವ ಉಳಿದವರನ್ನು ಎಬ್ಬಿಸಿಕೊಂಡು ಹೋದಳು. ಕುಣಿ ತೋಡಿದವರು, ಅಯ್ಯನವರು, ಮೇಸ್ತ್ರಿ, ನಾನು ಉಳಿದೆವು. ಬಹಳ ಹೊತ್ತಿನ ಮೇಲೆ ನೀರು ಹಾಕುತ್ತಿರುವ ಕೈ ಮೇಸ್ತ್ರಿಯದಲ್ಲ ಅನ್ನಿಸಿ ತಲೆ ಎತ್ತಿದೆ. ದೊಡ್ಡಪ್ಪ ಚಪ್ಪಲಿ ಬಿಟ್ಟು, ಬಿಳಿ ಅಂಗಿಯ ತೋಳು ಮಡಚಿಕೊಂಡು, ಮಣ್ಣಿನಲ್ಲಿ ಕೂತು ನೀರು ಹಾಕುತ್ತಿದ್ದ. ನಾನು ಮಾತಾಡಿಸಲಿಲ್ಲ. ನೀರು ಹಾಕಿದ ಮಾತ್ರಕ್ಕೆ ಚಿಲಕ ಮರೆತುಹೋಗುತ್ತದೆಯೇ?

ಹೊತ್ತು ವಾಲುವಾಗ ಬಲಗಾಲು ನನ್ನ ಕೈಯಲ್ಲಿ ಸ್ವಲ್ಪ ಸರಿಯಿತು. ಆಮೇಲೆ ಎಡಗಾಲು, ಸೊಂಟ, ಕತ್ತು. ಯಾವುದನ್ನೂ ನಾನು ಮಡಚಲಿಲ್ಲ, ಅವನಾಗಿಯೇ ಕೊಟ್ಟ. ಎರಡೂ ಕಾಲು ಮಡಚಿ ಚಕ್ಕಳಮಕ್ಕಳ ಹಾಕಿಸುವುದು ಎಲ್ಲರ ಪದ್ಧತಿ. ನಾನು ಎಡಗಾಲು ಮಾತ್ರ ಮಡಚಿ, ಬಲ ಮಂಡಿ ಎತ್ತಿ ನಿಲ್ಲಿಸಿದೆ. ಅಯ್ಯನವರು ಹತ್ತಿರ ಬಂದು, ಹಿಂಗ್ಯಾಕವ್ವಾ ಅಂತ ಕೇಳಿದರು. ಬದುಕಿದ್ದಾಗ ಹಿಂಗೇ ಕೂರುತ್ತಿದ್ದ ಅಂದೆ. ಅವರು ತಲೆ ಆಡಿಸಿ, ವಿಭೂತಿ ತಗೊಂಡರು. ಹಲಗೆಯನ್ನು ಬೆನ್ನಿಗೆ ಕೊಟ್ಟು ಕುಣಿಯೊಳಗೆ ಕೂರಿಸಿ, ಗದ್ದವನ್ನು ಮಂಡಿಯ ಮೇಲೆ ಊರಿಸಿದೆವು. ಮೇಲಿನಿಂದ ನೋಡಿದರೆ ಇನ್ನೇನು ಒಂದು ಕಣ್ಣು ಮುಚ್ಚಿ ಹಲಗೆಯ ನೇರ ನೋಡುತ್ತಾನೆ ಅನ್ನುವ ಹಾಗಿದ್ದ. ಆಗ ದೊಡ್ಡಪ್ಪ ಬಾಯಿಬಿಟ್ಟು ಅತ್ತ. ಅಲ್ಲಿಯವರೆಗೆ ಅವನು ಅತ್ತಿರಲಿಲ್ಲ.

ಮಣ್ಣು ಹಾಕಿ ಕೈ ತೊಳೆಯುವಾಗ ಅವನು ನನ್ನ ಪಕ್ಕಕ್ಕೆ ಬಂದು ನಿಂತ. ಬೇರೆ ಯಾರಿಗೂ ಕೇಳಿಸದ ಹಾಗೆ ಕೇಳಿದ.

"ನಾ ಹೋದಾಗ ನನ್ನೂ ಹಿಂಗ ಕುಂದ್ರಿಸ್ತಿಯೇನವ್ವಾ?"

ಬೇಡ ಅನ್ನಲು ಬಾಯಿ ತೆರೆದಿದ್ದೆ. ಐಸ್ ಬಾಕ್ಸಿನ ಅಂಗಡಿಯವನ ನಂಬರು ನಿನ್ನ ಹತ್ತಿರವೇ ಇದೆಯಲ್ಲ ಅನ್ನುವ ಮಾತು ನಾಲಗೆಯ ತುದಿಯಲ್ಲಿತ್ತು. ಅವನ ಅಂಗಿಯ ತೋಳಿನಿಂದ ಇನ್ನೂ ನೀರು ಸೋರುತ್ತಿತ್ತು. ಹೂಂ ಅಂದೆ.

ಹಲಗೆ ತಾತನ ಜೊತೆಗೇ ಹೋಯಿತು. ನಾನು ಮೇಸ್ತ್ರಿಗೆ ಹೇಳಿ ಅಂಥದ್ದೇ ಇನ್ನೊಂದು ಮಾಡಿಸಿದೆ. ಈಗ ಸಿರುಗುಪ್ಪದಲ್ಲಿ ಸಾವಾದರೆ ನಮ್ಮ ಬಾಗಿಲಿಗೆ ಬರುತ್ತಾರೆ. ಹೆಂಗಸು ಈ ಕೆಲಸ ಮಾಡುವುದೇ ಅಂತ ಮೊದಮೊದಲು ಮುಖ ಸಿಂಡರಿಸಿದವರೂ ಬರುತ್ತಾರೆ. ಶಾಲೆ ಮುಗಿಸಿ ಹೋಗುತ್ತೇನೆ, ತೀರಾ ಅವಸರವಿದ್ದರೆ ಹೆಡ್ ಮಾಸ್ತರರಿಗೆ ಹೇಳಿ ಹೋಗುತ್ತೇನೆ. ನನಗೂ ಈಗ ಊಟದ ಹೊತ್ತಿನ ಕಾರ್ಡುಗಳು ಬರಲು ಶುರುವಾಗಿವೆ. ತಾತನ ಹಾಗೆ ನಾನು ಹೋಳಿಗೆ ತಿನ್ನಲು ಹೋಗುವುದಿಲ್ಲ. ಕಾರ್ಡು ಹರಿದು ಒಲೆಗೆ ಹಾಕುತ್ತೇನೆ.

ಹೋದ ವಾರ ದೊಡ್ಡಪ್ಪನ ಮನೆಯಿಂದ ಫೋನು ಬಂತು. ಅವನ ಮೊಮ್ಮಗನನ್ನು ತೊಟ್ಟಿಲಿಗೆ ಹಾಕುತ್ತಾರಂತೆ. ಮಾತಾಡಿದವಳು ದೊಡ್ಡವ್ವ. ಕೂಸಿನ ಬಣ್ಣ, ಕೂಸಿನ ಮೂಗು ಎಲ್ಲ ಹೇಳಿ, ಕೊನೆಗೆ ದನಿ ಸಣ್ಣ ಮಾಡಿಕೊಂಡು, ನೀನು ಊಟದ ಹೊತ್ತಿಗೆ ಬಾರವ್ವ, ಅವಸರ ಮಾಡಿಕೊಂಡು ಮುಂಜಾನೆನೇ ಬರಬೇಡ ಅಂದಳು.

ನನ್ನ ಎದುರಿಗೆ ಆ ತೊಟ್ಟಿಲಿತ್ತು. ಗಿಳಿಗಳ ಮೇಲೆ ಧೂಳು, ಒಳಗೆ ಉಳಿ, ಬಾಚಿ, ಅಪ್ಪನ ರಂದಾ.

"ದೊಡ್ಡವ್ವಾ, ಅವತ್ತು ಕುರುಗೋಡಿನಾಗ ದೊಡ್ಡಪ್ಪ ನನ್ನ ಒಂದು ಮಾತು ಕೇಳ್ಯಾನ. ನಾ ಹೂಂ ಅಂದೀನಿ," ಅಂದೆ. "ಏನು ಕೇಳಿದಿ ಅಂತ ಅವನ್ನ ಕೇಳು. ಈ ಕೈ ನಿಮ್ಮ ಮನಿಗೆ ಬ್ಯಾಡಾದ್ರ, ಆವಾಗ್ಲೂ ಬ್ಯಾಡ. ಈಗ್ಲೇ ಹೇಳಿಬಿಡ್ರಿ."

ಏನಂತೆ, ಯಾರು ಅಂತ ದೊಡ್ಡಪ್ಪನ ದನಿ ದೂರದಿಂದ ಕೇಳಿಸಿತು. ದೊಡ್ಡವ್ವ ಏನೋ ಗೊಣಗಿದಳು. ಫೋನು ಕೈ ಬದಲಾಯಿಸಿತು.

"ಮುಂಜಾನೆನೇ ಬಾರವ್ವ," ಅಂದ ದೊಡ್ಡಪ್ಪ. "ಆ ಗಿಳಿ ತೊಟ್ಟಿಲಾ ಐತಲ್ಲ, ಅದನ್ನ ತಗೊಂಡು ಬಾ."

ನಾನು ಉಳಿ, ಬಾಚಿ ಒಂದೊಂದಾಗಿ ಹೊರಗೆ ತೆಗೆದಿಟ್ಟೆ.